ಮರ್ಲಿನ್ ಮನ್ರೊ ಹೊಟ್ಟೆನೋವಿಗೆ ಒಂದು ಹೆಸರಿತ್ತು: ಎಂಡೋಮೆಟ್ರಿಯೋಸಿಸ್

ಹನಗೋಡು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ – ಈ ಕಡೆಯ ಯಾವ ಊರಿನ ವಾಟ್ಸ್‌ಆ್ಯಪ್ ಗ್ರೂಪ್ ತೆಗೆದರೂ ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಒಂದಲ್ಲ ಒಂದು ಫಾರ್ವರ್ಡ್ ಸಿಗುತ್ತದೆ. ಮೆಂತ್ಯ ನೆನೆಸಿದ ನೀರು ಕುಡಿದರೆ ಸರಿಹೋಗುತ್ತದಂತೆ. ಮದುವೆಯಾದರೆ ತಾನೇ ನಿಲ್ಲುತ್ತದಂತೆ. ಒಂದು ಮಗುವಾದರೆ ಆ ನೋವು ಮತ್ತೆ ತಿರುಗಿಯೂ ನೋಡುವುದಿಲ್ಲವಂತೆ. ಇನ್ನು ಮಕ್ಕಳಾಗದಿದ್ದರೆ ಬರುವ ಸಂದೇಶಗಳೇ ಬೇರೆ: ದೋಷ, ಹರಕೆ, ಶಾಪ. ಮೈಸೂರು ಸೀಮೆಯವರಿಗೆ ಇದೇನೂ ಹೊಸದಲ್ಲ. ಅರಮನೆಗೇ ಅಲಮೇಲಮ್ಮನ ಶಾಪ ತಟ್ಟಿತ್ತು ಎಂಬ ಕಥೆ ಕೇಳುತ್ತಲೇ ಬೆಳೆದವರು ನಾವು.

ಆದರೆ ಈ ನೋವಿಗೂ, ಮಕ್ಕಳಾಗದಿರುವುದಕ್ಕೂ ನಂಟು ಇರಬಹುದಾದ ಒಂದು ಕಾಯಿಲೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಮುಟ್ಟಾಗುವ ವಯಸ್ಸಿನ ಪ್ರತಿ 10 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಇದು ಇದೆ. ಅದರ ಹೆಸರು ಎಂಡೋಮೆಟ್ರಿಯೋಸಿಸ್.

ಇದನ್ನು ಅರ್ಥ ಮಾಡಿಕೊಳ್ಳಲು ಒಬ್ಬ ಹೆಣ್ಣಿನ ಬದುಕನ್ನು ನೋಡೋಣ. ಆಕೆಯ ಫೋಟೊವನ್ನು ನೀವು ಖಂಡಿತ ನೋಡಿರುತ್ತೀರಿ: ಬಿಳಿ ಗೌನು, ಹೊಂಬಣ್ಣದ ಗುಂಗುರು ಕೂದಲು, ತುಟಿ ತುಂಬ ನಗು. ಹಾಲಿವುಡ್ ನಟಿ ಮರ್ಲಿನ್ ಮನ್ರೊ. ಆ ನಗುವಿನ ಹಿಂದೆ ತಿಂಗಳು ತಿಂಗಳೂ ಬರುತ್ತಿದ್ದ ನೋವು ಮಾತ್ರ ಯಾವ ಫೋಟೊದಲ್ಲೂ ಕಾಣುವುದಿಲ್ಲ.

ಅನಾಥಾಶ್ರಮದಿಂದ ಹಾಲಿವುಡ್‌ಗೆ

ಆಕೆ ಹುಟ್ಟಿದ್ದು 1926ರ ಜೂನ್ 1ರಂದು, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಮೊದಲ ಹೆಸರು ನಾರ್ಮಾ ಜೀನ್. ತಂದೆಯ ಆಸರೆ ಇರಲಿಲ್ಲ. ತಾಯಿಗೆ ಮಾನಸಿಕ ಕಾಯಿಲೆ ಬಂದು ಆಸ್ಪತ್ರೆ ಸೇರಿದಳು. ಮಗು ಬೇರೆಯವರ ಮನೆಗಳಲ್ಲಿ ಬೆಳೆಯಿತು. 1935ರಲ್ಲಿ ಆಕೆಯನ್ನು ಅನಾಥಾಶ್ರಮಕ್ಕೂ ಸೇರಿಸಿದರು. 1942ರಲ್ಲಿ, 16 ತುಂಬಿದ ಕೆಲವೇ ದಿನಗಳಲ್ಲಿ ಮದುವೆಯಾಯಿತು. ಮತ್ತೆ ಅನಾಥಾಶ್ರಮಕ್ಕೆ ಹೋಗುವುದನ್ನು ತಪ್ಪಿಸಲು ಹಿರಿಯರು ಕಂಡುಕೊಂಡ ದಾರಿ ಅದು.

ಎರಡನೇ ಮಹಾಯುದ್ಧದ ಕಾಲದಲ್ಲಿ ಆಕೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಬಂದ ಛಾಯಾಗ್ರಾಹಕನೊಬ್ಬ ಆಕೆಯ ಫೋಟೊ ತೆಗೆದ. ಅಲ್ಲಿಂದ ಮಾಡೆಲಿಂಗ್, 1946ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಯ ಒಪ್ಪಂದ, ಹೊಸ ಹೆಸರು. 1953ರಲ್ಲಿ ಸಾಲಾಗಿ ಮೂರು ಚಿತ್ರಗಳು ತೆರೆಕಂಡು ಆಕೆ ಜಗತ್ತಿಗೇ ಗೊತ್ತಾದಳು.

ಇಷ್ಟರ ನಡುವೆ ಮುಟ್ಟಿನ ದಿನಗಳಲ್ಲಿ ಆಕೆಗೆ ವಿಪರೀತ ನೋವು ಬರುತ್ತಿತ್ತು ಎಂದು ಆಕೆಯ ಬದುಕನ್ನು ಬರೆದವರು ದಾಖಲಿಸಿದ್ದಾರೆ. ಎದ್ದು ನಿಲ್ಲಲಾಗದಂಥ ನೋವು. ನೋವಿಗೆ ಮಾತ್ರೆ, ನಿದ್ದೆಗೆ ಮಾತ್ರೆ. ಶೂಟಿಂಗ್‌ಗೆ ತಡವಾಗಿ ಬರುತ್ತಾಳೆ, ಬಾರದೇ ಇರುತ್ತಾಳೆ ಎಂಬ ಕೆಟ್ಟ ಹೆಸರು. ತಡಕ್ಕೆ ಬೇರೆ ಕಾರಣಗಳೂ ಇದ್ದವು: ಕ್ಯಾಮೆರಾ ಎದುರು ನಿಲ್ಲುವ ಭಯ, ನಿದ್ದೆಗೇಡು, ಮಾತ್ರೆಗಳ ಮಂಪರು. ಆದರೆ ನೋವಿನ ಮಾತನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸೋಮಾರಿ, ದೊಡ್ಡ ನಟಿಯ ಸೊಕ್ಕು ಎಂದರು.

ಹೊಗೆಸೊಪ್ಪಿನ ಕೆಲಸಕ್ಕೆ ಮೂರು ದಿನ ಬಾರದ ಹುಡುಗಿಗೆ, ಪರೀಕ್ಷೆಯ ದಿನ ಮುದುಡಿ ಮಲಗಿದ ಪಿಯುಸಿ ವಿದ್ಯಾರ್ಥಿನಿಗೆ ನಮ್ಮೂರಲ್ಲೂ ಇದೇ ಮಾತು ಸಿಗುತ್ತದೆ, ಅಲ್ಲವೇ?

ಹಾಗಾದರೆ ಆ ನೋವು ಏಕೆ ಬರುತ್ತದೆ?

ಗರ್ಭಕೋಶದ ಒಳಗೆ ಒಂದು ಪದರ ಇರುತ್ತದೆ. ತಿಂಗಳಿಗೊಮ್ಮೆ ಅದು ದಪ್ಪವಾಗಿ, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಿನ ರಕ್ತವಾಗಿ ಹೊರಬರುತ್ತದೆ. ಎಂಡೋಮೆಟ್ರಿಯೋಸಿಸ್ ಇದ್ದವರಲ್ಲಿ ಈ ಪದರವನ್ನೇ ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅಂಡಾಶಯದ ಮೇಲೆ, ಅಂಡನಾಳದ ಬಳಿ, ಗರ್ಭಕೋಶದ ಹಿಂದೆ, ಕೆಲವರಲ್ಲಿ ಕರುಳು ಮತ್ತು ಮೂತ್ರಕೋಶದ ಮೇಲೂ.

ಹಾರ್ಮೋನು ಏರಿಳಿದಂತೆ ಈ ಅಂಗಾಂಶವೂ ಬದಲಾಗುತ್ತದೆ, ರಕ್ತ ಒಸರುತ್ತದೆ. ಒಳಗಿನ ಪದರದ ರಕ್ತಕ್ಕೆ ಹೊರಹೋಗಲು ದಾರಿ ಇದೆ. ಹೊರಗಡೆ ಬೆಳೆದ ಅಂಗಾಂಶಕ್ಕೆ ದಾರಿ ಇಲ್ಲ. ಹಾಗಾಗಿ ಅಲ್ಲೇ ಉರಿಯೂತವಾಗುತ್ತದೆ, ಕಲೆಗಟ್ಟುತ್ತದೆ, ಒಂದು ಅಂಗ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ನೋವು ಬರುವುದು ಇದರಿಂದ.

ಈ ಕಾಯಿಲೆಯನ್ನು ಅಚ್ಚುಕಟ್ಟಾಗಿ ವಿವರಿಸಿದವರು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್. 1921ರಲ್ಲಿ ಅವರು ಅಂಡಾಶಯದಲ್ಲಿ ಕಂಡ ಕಂದು ಬಣ್ಣದ ಗಡ್ಡೆಗಳ ಬಗ್ಗೆ ಬರೆದರು. ಹಳೆಯ ರಕ್ತ ಶೇಖರವಾಗಿ ಕರಗಿದ ಚಾಕೊಲೇಟ್‌ನಂತೆ ಕಾಣುವುದರಿಂದ ಇವತ್ತಿಗೂ ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಮುಟ್ಟಿನ ರಕ್ತದ ಸ್ವಲ್ಪ ಭಾಗ ಅಂಡನಾಳದ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೇರೂರುತ್ತದೆ ಎಂದು ಅವರು 1927ರಲ್ಲಿ ವಾದಿಸಿದರು. ಹಾಗೆ ಹಿಂದಕ್ಕೆ ಹರಿಯುವುದು ಬಹುಪಾಲು ಹೆಂಗಸರಲ್ಲಿ ಆಗುತ್ತದೆ, ಆದರೆ ಕೆಲವರಲ್ಲಿ ಮಾತ್ರ ಕಾಯಿಲೆಯಾಗುತ್ತದೆ. ಆದ್ದರಿಂದ ವಂಶವಾಹಿ, ರೋಗನಿರೋಧಕ ಶಕ್ತಿ, ಹಾರ್ಮೋನು – ಇವೂ ಕಾರಣಗಳಲ್ಲಿ ಸೇರಿವೆ ಎಂಬುದು ಇಂದಿನ ತಿಳಿವಳಿಕೆ.

1952: ಹೊಟ್ಟೆಗೆ ಅಂಟಿಸಿಕೊಂಡ ಚೀಟಿ

1952ರ ಏಪ್ರಿಲ್‌ನಲ್ಲಿ ಮರ್ಲಿನ್‌ಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಗ ಆಕೆಗೆ 25 ವರ್ಷ. ಲಾಸ್ ಏಂಜಲೀಸ್‌ನ ಸೀಡರ್ಸ್ ಆಫ್ ಲೆಬನಾನ್ ಆಸ್ಪತ್ರೆಯ ಸಿಬ್ಬಂದಿ ಹೊದಿಕೆ ಸರಿಸಿದಾಗ ಹೊಟ್ಟೆಯ ಮೇಲೆ ಟೇಪಿನಿಂದ ಅಂಟಿಸಿದ ಒಂದು ಕೈಬರಹದ ಪತ್ರ ಕಂಡಿತು. ವೈದ್ಯರಿಗೆ ಬರೆದದ್ದು. ಆದಷ್ಟು ಕಡಿಮೆ ಕೊಯ್ಯಿರಿ, ಏನೇ ಆದರೂ ಅಂಡಾಶಯ ಮಾತ್ರ ತೆಗೆಯಬೇಡಿ ಎಂಬುದು ಅದರ ಸಾರ. ಆಪರೇಷನ್ ವೇಳೆ ಸ್ತ್ರೀರೋಗ ತಜ್ಞರೊಬ್ಬರೂ ಜೊತೆಗಿದ್ದರು. ಅಂಡಾಶಯಗಳು ಉಳಿದವು.

ಇದನ್ನು ನಟಿಯ ಹುಚ್ಚಾಟ ಎಂದು ನಗುವವರಿದ್ದಾರೆ. ಆದರೆ ಆ ಕಾಲವನ್ನು ನೆನೆಯಿರಿ. ಅಂದು ತೀವ್ರ ಎಂಡೋಮೆಟ್ರಿಯೋಸಿಸ್‌ಗೆ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಹಾಕುವುದು ಸಾಮಾನ್ಯ ಚಿಕಿತ್ಸೆಯಾಗಿತ್ತು. ಅರಿವಳಿಕೆ ಕೊಟ್ಟ ಮೇಲೆ ಒಳಗೆ ಏನು ಮಾಡುತ್ತಾರೋ ಎಂಬ ಭಯ ಆಕೆಗೆ ಇದ್ದದ್ದರಲ್ಲಿ ತಪ್ಪೇನಿದೆ? ಆಕೆಗೆ ತಾಯಿಯಾಗುವ ಆಸೆ ಇತ್ತು.

ಅಂಡಾಶಯದ ಜೀವಕೋಶಗಳಿಗೆ ಏನಾಗುತ್ತದೆ?

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳು ಇರುತ್ತವೆ. ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿಯುತ್ತವೆ. ಮತ್ತೆ ಹೊಸದಾಗಿ ಕೂಡುವುದಿಲ್ಲ. ಅದು ಬಿತ್ತನೆಗೆ ಎತ್ತಿಟ್ಟ ಬೀಜದ ಹಾಗೆ: ಹಾಳಾದರೆ ಆ ಲೆಕ್ಕದಲ್ಲಿ ಕಡಿಮೆಯಾಯಿತು ಅಷ್ಟೇ.

ಪ್ರತಿ ಅಂಡಾಣುವೂ ಒಂದು ಪುಟ್ಟ ಕೋಶದೊಳಗೆ ಇರುತ್ತದೆ. ಸುತ್ತಲೂ ಗ್ರ್ಯಾನ್ಯುಲೋಸಾ ಎಂಬ ಜೀವಕೋಶಗಳು. ಅಂಡಾಣುವಿಗೆ ಉಣಿಸುವುದು, ಈಸ್ಟ್ರೋಜನ್ ಹಾರ್ಮೋನು ತಯಾರಿಸುವುದು, ಅಂಡಾಣು ಸರಿಯಾಗಿ ಬಲಿಯುವಂತೆ ನೋಡಿಕೊಳ್ಳುವುದು ಇವುಗಳ ಕೆಲಸ.

ಚಾಕೊಲೇಟ್ ಸಿಸ್ಟ್ ಇದ್ದಾಗ ತೊಂದರೆ ಇಲ್ಲಿ ಶುರುವಾಗುತ್ತದೆ:

• ಸಿಸ್ಟ್‌ನಲ್ಲಿ ನಿಂತ ಹಳೆಯ ರಕ್ತದಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದು ಜೀವಕೋಶಗಳಿಗೆ ಹಾನಿ ಮಾಡುವ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತದೆ. ತಗಡಿನ ಒಂದು ಮೂಲೆಯ ತುಕ್ಕು ಪಕ್ಕಕ್ಕೂ ಹರಡುವಂತೆ, ಈ ಹಾನಿ ಪಕ್ಕದ ಒಳ್ಳೆಯ ಅಂಡಾಶಯದ ಭಾಗಕ್ಕೂ ತಟ್ಟುತ್ತದೆ.

• ಆ ಭಾಗ ಕಲೆಗಟ್ಟಿ ಗಟ್ಟಿಯಾಗುತ್ತದೆ. ಅಲ್ಲಿದ್ದ ಅಂಡಾಣುಗಳ ಸಂಖ್ಯೆ ಇಳಿಯುತ್ತದೆ.

• ಗ್ರ್ಯಾನ್ಯುಲೋಸಾ ಕೋಶಗಳು ಬೇಗ ಬಳಲುತ್ತವೆ. ಅವುಗಳ ಶಕ್ತಿ ಉತ್ಪಾದನೆ, ಹಾರ್ಮೋನು ತಯಾರಿಕೆ ಏರುಪೇರಾಗುತ್ತದೆ. ಅಂಡಾಣು ಬಲಿಯುವುದಕ್ಕೆ ಅಡ್ಡಿಯಾಗಬಹುದು.

• ಅಂಡಾಶಯ ಪಕ್ಕದ ಅಂಗಗಳಿಗೆ ಅಂಟಿಕೊಂಡರೆ, ಬಿಡುಗಡೆಯಾದ ಅಂಡಾಣುವನ್ನು ಅಂಡನಾಳ ಹಿಡಿದುಕೊಳ್ಳಲಾಗುವುದಿಲ್ಲ.

ಎಷ್ಟು ಅಂಡಾಣುಗಳು ಉಳಿದಿವೆ ಎಂದು ಅಂದಾಜು ಮಾಡಲು ವೈದ್ಯರು ಎಎಂಎಚ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಚಾಕೊಲೇಟ್ ಸಿಸ್ಟ್ ಇದ್ದವರಲ್ಲಿ ಅದು ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಇನ್ನೊಂದು ಮಾತು: ಸಿಸ್ಟ್ ತೆಗೆಯುವ ಆಪರೇಷನ್‌ನಲ್ಲೂ ಸ್ವಲ್ಪ ಒಳ್ಳೆಯ ಅಂಡಾಶಯ ಹೋಗಬಹುದು. ಆದ್ದರಿಂದ ಮಕ್ಕಳು ಬೇಕು ಎನ್ನುವವರು ಆಪರೇಷನ್‌ಗೆ ಮುಂಚೆ ಈ ವಿಷಯವನ್ನು ವೈದ್ಯರ ಬಳಿ ಬಿಡಿಸಿ ಕೇಳಬೇಕು. 1952ರಲ್ಲಿ ಮರ್ಲಿನ್ ಚೀಟಿ ಬರೆದು ಕೇಳಿಕೊಂಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಮೂರು ಮದುವೆ, ಬರಿದಾದ ತೊಟ್ಟಿಲು

1954ರ ಜನವರಿಯಲ್ಲಿ ಬೇಸ್‌ಬಾಲ್ ಆಟಗಾರ ಜೋ ಡಿಮ್ಯಾಜಿಯೊ ಜೊತೆ ಮದುವೆ. ಅದೇ ವರ್ಷ ಮುರಿಯಿತು. ನವೆಂಬರ್‌ನಲ್ಲಿ ಆಕೆ ಸ್ತ್ರೀರೋಗದ ಆಪರೇಷನ್‌ಗೆ ಮತ್ತೆ ಆಸ್ಪತ್ರೆ ಸೇರಿದಳು. 1956ರ ಜೂನ್‌ನಲ್ಲಿ ನಾಟಕಕಾರ ಆರ್ಥರ್ ಮಿಲ್ಲರ್ ಜೊತೆ ಮೂರನೇ ಮದುವೆ.

1957ರ ಬೇಸಿಗೆಯಲ್ಲಿ ಗರ್ಭ ನಿಂತಿತು. ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಆಗಸ್ಟ್‌ನಲ್ಲಿ ತೀವ್ರ ನೋವು ಬಂದು ನ್ಯೂಯಾರ್ಕ್‌ನ ಆಸ್ಪತ್ರೆಗೆ ಸೇರಿಸಿದರು. ಭ್ರೂಣ ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿತ್ತು. ಅಂಥ ಗರ್ಭ ಉಳಿಯುವುದಿಲ್ಲ. ನಾಳ ಒಡೆದರೆ ತಾಯಿಯ ಪ್ರಾಣಕ್ಕೇ ಅಪಾಯ. ಎಂಡೋಮೆಟ್ರಿಯೋಸಿಸ್ ಇದ್ದವರಲ್ಲಿ ನಾಳದ ಗರ್ಭದ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು.

1958ರಲ್ಲಿ ಮತ್ತೆ ಗರ್ಭಿಣಿಯಾದಳು. ಆ ವರ್ಷವೇ ಸಮ್ ಲೈಕ್ ಇಟ್ ಹಾಟ್ ಚಿತ್ರದ ಶೂಟಿಂಗ್ ನಡೆಯುತ್ತಿತ್ತು. ಡಿಸೆಂಬರ್‌ನಲ್ಲಿ ಗರ್ಭಪಾತವಾಯಿತು. ಮುಂದಿನ ವರ್ಷ ಚಿತ್ರ ತೆರೆಕಂಡಾಗ ಜನ ಬಿದ್ದು ಬಿದ್ದು ನಕ್ಕರು. ಆ ಪಾತ್ರಕ್ಕೆ ಆಕೆಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿಯೂ ಬಂತು. ತೆರೆಯ ಹಿಂದೆ 1959ರ ಜೂನ್‌ನಲ್ಲಿ ಇನ್ನೊಂದು ಆಪರೇಷನ್. ಮಿಲ್ಲರ್ ಜೊತೆಗಿನ ಮದುವೆ 1961ರ ಆರಂಭದಲ್ಲಿ ಮುರಿದುಬಿತ್ತು. ಅದೇ ಮೇ ತಿಂಗಳಲ್ಲಿ ಎಂಡೋಮೆಟ್ರಿಯೋಸಿಸ್‌ಗಾಗಿ ಮತ್ತೆ ಆಪರೇಷನ್.

ಗಂಡಂದಿರು ಮೊದಲ ಮದುವೆಗಳಿಂದ ಪಡೆದ ಮಕ್ಕಳನ್ನು ಆಕೆ ಬಹಳ ಪ್ರೀತಿಸುತ್ತಿದ್ದಳು. ಮದುವೆ ಮುರಿದ ಮೇಲೂ ಆ ಮಕ್ಕಳ ಜೊತೆ ನಂಟು ಉಳಿಸಿಕೊಂಡಿದ್ದಳು.

ಜನ ಮಾತ್ರ ಬೇರೆಯೇ ಕಥೆ ಕಟ್ಟಿದರು. ಲೆಕ್ಕವಿಲ್ಲದಷ್ಟು ಸಲ ಗರ್ಭ ತೆಗೆಸಿಕೊಂಡಿದ್ದರಿಂದಲೇ ಮಕ್ಕಳಾಗಲಿಲ್ಲ ಎಂಬ ಗಾಳಿಮಾತು ಇಂದಿಗೂ ಇಂಟರ್‌ನೆಟ್‌ನಲ್ಲಿ ಸುತ್ತುತ್ತಿದೆ. ಆಕೆಯ ಸ್ತ್ರೀರೋಗ ವೈದ್ಯರೇ ಅದನ್ನು ತಳ್ಳಿಹಾಕಿದ್ದರು. ಮಕ್ಕಳಾಗದ ಹೆಣ್ಣಿನ ನಡತೆಯ ಮೇಲೆ ತಪ್ಪು ಹೊರಿಸುವುದು ನಮ್ಮೂರಲ್ಲಿ ಮಾತ್ರವಲ್ಲ, ಹಾಲಿವುಡ್‌ನಲ್ಲೂ ಇತ್ತು.

ಕೊನೆಯ ವರ್ಷ

1962ರಲ್ಲಿ ಹೊಸ ಚಿತ್ರವೊಂದರ ಶೂಟಿಂಗ್‌ಗೆ ಕಾಯಿಲೆಯಿಂದಾಗಿ ಪದೇ ಪದೇ ಗೈರಾದಳು. ಜೂನ್‌ನಲ್ಲಿ ಕಂಪನಿ ಆಕೆಯನ್ನು ಕೆಲಸದಿಂದ ತೆಗೆಯಿತು. ಆಗಸ್ಟ್ 4ರ ರಾತ್ರಿ ಮನೆಯಲ್ಲಿ ತೀರಿಕೊಂಡಳು. ವಯಸ್ಸು 36. ನಿದ್ದೆ ಮಾತ್ರೆಗಳ ವಿಷದಿಂದ ಸಾವು, ಬಹುಶಃ ಆತ್ಮಹತ್ಯೆ ಎಂದು ಅಧಿಕಾರಿಗಳು ತೀರ್ಮಾನಿಸಿದರು.

ಈ ಸಾವಿಗೆ ಎಂಡೋಮೆಟ್ರಿಯೋಸಿಸ್ ಕಾರಣ ಎಂದು ಹೇಳುವುದು ತಪ್ಪು. ಬಾಲ್ಯದ ಗಾಯಗಳು, ಮುರಿದ ಮದುವೆಗಳು, ಖಿನ್ನತೆ, ಮಾತ್ರೆಗಳ ಚಟ – ಎಲ್ಲವೂ ಇದ್ದವು. ಆದರೆ ವರ್ಷಗಟ್ಟಲೆ ನೋವು ತಿನ್ನುವವರಲ್ಲಿ ಖಿನ್ನತೆ, ಆತಂಕ ಹೆಚ್ಚು ಎಂಬುದು ಇವತ್ತು ವೈದ್ಯರಿಗೆ ಗೊತ್ತಿದೆ. ನಿಮಗೋ ನಿಮ್ಮವರಿಗೋ ಮನಸ್ಸು ಕುಸಿದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಆಕೆ ಇವತ್ತು ಇದ್ದಿದ್ದರೆ?

ಆಗಿನ ವೈದ್ಯರ ಕೈಯಲ್ಲಿ ಹೊಟ್ಟೆ ಕೊಯ್ಯುವುದು ಬಿಟ್ಟರೆ ಹೆಚ್ಚಿನ ದಾರಿಗಳಿರಲಿಲ್ಲ. ಹಾರ್ಮೋನು ಮಾತ್ರೆಗಳಿಂದ ಎಂಡೋಮೆಟ್ರಿಯೋಸಿಸ್ ತಡೆಯುವ ಪ್ರಯೋಗಗಳು ಆಗಿನ್ನೂ ಆರಂಭದ ಹಂತದಲ್ಲಿದ್ದವು. ಪ್ರನಾಳ ಶಿಶು ಹುಟ್ಟಿದ್ದು 1978ರಲ್ಲಿ: ಜುಲೈನಲ್ಲಿ ಇಂಗ್ಲೆಂಡಿನಲ್ಲಿ, ಅಕ್ಟೋಬರ್‌ನಲ್ಲಿ ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ. ಮರ್ಲಿನ್ ತೀರಿಕೊಂಡು ಆಗಲೇ 16 ವರ್ಷವಾಗಿತ್ತು.

ಇವತ್ತು ಸ್ಕ್ಯಾನಿಂಗ್‌ನಲ್ಲೇ ಚಾಕೊಲೇಟ್ ಸಿಸ್ಟ್ ಕಾಣುತ್ತದೆ. ಹಾಗೆಂದು ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೆ ಕಾಯಿಲೆಯೇ ಇಲ್ಲ ಎಂದಲ್ಲ; ಸಣ್ಣ ಕಲೆಗಳು ಅದರಲ್ಲಿ ತಪ್ಪಿಸಿಕೊಳ್ಳುತ್ತವೆ. ನೋವಿನ ಲಕ್ಷಣ ನೋಡಿಯೇ ವೈದ್ಯರು ಔಷಧಿ ಶುರುಮಾಡಬಹುದು. ಅಗತ್ಯ ಬಿದ್ದರೆ ಸಣ್ಣ ರಂಧ್ರದ ಲ್ಯಾಪರೊಸ್ಕೋಪಿ ಇದೆ. ಗಮನಿಸಿ: ನೋವಿಗೆ ಕೊಡುವ ಹಾರ್ಮೋನು ಮಾತ್ರೆಗಳು ಸಾಮಾನ್ಯವಾಗಿ ಗರ್ಭ ನಿಲ್ಲುವುದನ್ನೂ ತಡೆಯುತ್ತವೆ. ಮಗುವಿಗೆ ಪ್ರಯತ್ನಿಸುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಫಾರ್ವರ್ಡ್ ಮಾತು ಮತ್ತು ನಿಜ

ಮಾತು: ಮುಟ್ಟಿನಲ್ಲಿ ನೋವು ಎಲ್ಲರಿಗೂ ಇದ್ದದ್ದೇ.
ನಿಜ: ಸ್ವಲ್ಪ ನೋವು ಸಹಜ. ಶಾಲೆ, ಕೆಲಸ ಬಿಡಿಸುವಷ್ಟು ನೋವು ಸಹಜವಲ್ಲ.

ಮಾತು: ಮದುವೆಯಾದರೆ, ಮಗುವಾದರೆ ಗುಣವಾಗುತ್ತದೆ.
ನಿಜ: ಬಸುರಿಯಾಗಿದ್ದಾಗ, ಹಾಲೂಡಿಸುವಾಗ ಕೆಲವರಿಗೆ ನೋವು ತಗ್ಗಬಹುದು. ಅದು ಚಿಕಿತ್ಸೆಯಲ್ಲ. ಮುಟ್ಟು ಮರಳಿದ ಮೇಲೆ ನೋವೂ ಮರಳಬಹುದು.

ಮಾತು: ಮೆಂತ್ಯದ ನೀರು, ಕಷಾಯದಿಂದ ಸಿಸ್ಟ್ ಕರಗುತ್ತದೆ.
ನಿಜ: ಬಿಸಿನೀರಿನ ಶಾಖ ನೋವಿಗೆ ಹಿತ ಕೊಡುತ್ತದೆ. ಚಾಕೊಲೇಟ್ ಸಿಸ್ಟ್ ಕರಗಿಸುವ ಕಷಾಯ ಯಾವುದೂ ಇಲ್ಲ.

ಮಾತು: ಗರ್ಭಕೋಶ ತೆಗೆಸಿದರೆ ಎಲ್ಲಾ ಮುಗಿಯಿತು.
ನಿಜ: ಕಾಯಿಲೆ ಇರುವುದೇ ಗರ್ಭಕೋಶದ ಹೊರಗೆ. ತೆಗೆಸಿದ ಮೇಲೂ ಕೆಲವರಲ್ಲಿ ನೋವು ಉಳಿಯುತ್ತದೆ. ಅದು ಕೊನೆಯ ದಾರಿಯೇ ಹೊರತು ಮೊದಲ ದಾರಿಯಲ್ಲ.

ಮಾತು: ಎಂಡೋಮೆಟ್ರಿಯೋಸಿಸ್ ಇದ್ದರೆ ಮಕ್ಕಳಾಗುವುದೇ ಇಲ್ಲ.
ನಿಜ: ಇದು ಇದ್ದವರಲ್ಲಿ ಶೇ 30ರಿಂದ 50ರಷ್ಟು ಮಂದಿಗೆ ಗರ್ಭ ಧರಿಸಲು ತೊಂದರೆಯಾಗಬಹುದು. ಉಳಿದವರಿಗೆ ಆಗುವುದಿಲ್ಲ. ತೊಂದರೆ ಆದವರಲ್ಲೂ ಎಷ್ಟೋ ಮಂದಿ ಚಿಕಿತ್ಸೆಯಿಂದ ತಾಯಂದಿರಾಗಿದ್ದಾರೆ.

ಮಾತು: ಮಕ್ಕಳಾಗದಿದ್ದರೆ ತಪ್ಪು ಹೆಣ್ಣಿನದೇ.
ನಿಜ: ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಸುಲಭ, ಆಪರೇಷನ್ ಬೇಕಿಲ್ಲ. ಗಂಡನೂ ಮೊದಲೇ ಮಾಡಿಸಲಿ.

ಯಾವಾಗ ಆಸ್ಪತ್ರೆಗೆ ಹೋಗಬೇಕು?

• ಮುಟ್ಟಿನ ನೋವಿಗೆ ಮಾತ್ರೆ ನುಂಗಿದರೂ ತಗ್ಗದಿದ್ದರೆ
• ಮುಟ್ಟಿನ ದಿನಗಳಲ್ಲಿ ಮಲ, ಮೂತ್ರ ಮಾಡುವಾಗ ನೋವಾದರೆ
• ಗಂಡ ಹೆಂಡತಿ ಕೂಡುವಾಗ ಒಳಗೆ ಆಳದಲ್ಲಿ ನೋವಾದರೆ
• ಮುಟ್ಟು ಇಲ್ಲದಾಗಲೂ ಕಿಬ್ಬೊಟ್ಟೆ ನೋಯುತ್ತಿದ್ದರೆ
• ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ; ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ; ಮೇಲಿನ ನೋವುಗಳೂ ಇದ್ದರೆ ಕಾಯದೇ ಹೋಗಿ

ಮುಟ್ಟು ತಪ್ಪಿದವರಿಗೆ ಹೊಟ್ಟೆಯ ಒಂದು ಬದಿಯಲ್ಲಿ ದಿಢೀರನೆ ತೀವ್ರ ನೋವು, ತಲೆಸುತ್ತು ಬಂದರೆ ಅದು ನಾಳದ ಗರ್ಭ ಇರಬಹುದು. ಅಡುಗೆಮನೆ ಔಷಧಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಹನಗೋಡು ಕಡೆಯವರು ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಬಹುದು. ಅಲ್ಲಿಂದ ಹುಣಸೂರು ತಾಲ್ಲೂಕು ಆಸ್ಪತ್ರೆ, ಮುಂದೆ ಮೈಸೂರಿನ ಚೆಲುವಾಂಬ ಆಸ್ಪತ್ರೆ. ಹೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಎಷ್ಟು ದಿನ ನೋವಿತ್ತು, ಎಷ್ಟು ಮಾತ್ರೆ ನುಂಗಿದಿರಿ ಎಂದು ಎರಡು ಮೂರು ತಿಂಗಳು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ತೋರಿಸಿದರೆ ವೈದ್ಯರಿಗೆ ಅನುಕೂಲ. ಹಲವು ದೇಶಗಳ ಅಧ್ಯಯನಗಳ ಪ್ರಕಾರ ನೋವು ಶುರುವಾಗಿ ಕಾಯಿಲೆಯ ಹೆಸರು ಗೊತ್ತಾಗುವಷ್ಟರಲ್ಲಿ ಸಾಮಾನ್ಯವಾಗಿ 4ರಿಂದ 11 ವರ್ಷ ಕಳೆದಿರುತ್ತದೆ. ಆ ವರ್ಷಗಳಲ್ಲಿ ಅಂಡಾಶಯದ ಮೇಲಿನ ಹಾನಿ ಮುಂದುವರಿಯಬಹುದು.

ಮರ್ಲಿನ್‌ಗೆ ಹಣವಿತ್ತು, ಹೆಸರಿತ್ತು, ಒಳ್ಳೆಯ ಆಸ್ಪತ್ರೆಗಳಿದ್ದವು. ಚಿಕಿತ್ಸೆ ಮಾತ್ರ ಇನ್ನೂ ಹುಟ್ಟಿರಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಚಿಕಿತ್ಸೆ ಇದೆ. ನೋವು ಎಂದಾಗ ನಂಬುವವರು ಬೇಕು. ಮುಂದಿನ ಸಲ ಮೆಂತ್ಯದ ನೀರಿನ ಫಾರ್ವರ್ಡ್ ಬಂದರೆ, ಅದನ್ನು ಮುಂದಕ್ಕೆ ಕಳಿಸುವ ಮೊದಲು ನಿಮ್ಮ ಮನೆಯ ಮಗಳನ್ನೋ, ತಂಗಿಯನ್ನೋ, ಸೊಸೆಯನ್ನೋ ಒಮ್ಮೆ ಕೇಳಿ: ಎಷ್ಟು ನೋಯುತ್ತದೆ, ಎಷ್ಟು ದಿನದಿಂದ? ಅಷ್ಟಾದ ಮೇಲೆ ಬೇಕಿದ್ದರೆ ಈ ಲೇಖನವನ್ನು ಗ್ರೂಪ್‌ಗೆ ಹಾಕಿ.